ಹನ್ನೊಂದು ಕ್ಷಾರ ಶಿಲೆಗಳ ಪೆಟ್ಟಿಗೆ: ಮೂರು ತಿಂಗಳು ಬಳಸಿದ ಮೇಲೆ

ಈ ಪೆಟ್ಟಿಗೆ ಹೊಸಪೇಟೆಯ ನಮ್ಮ ಮನೆಗೆ ಬಂದು ಮೂರು ತಿಂಗಳಾಯಿತು. ಯುರೋಪಿನ ಒಂದು ಸಣ್ಣ ಅಂಗಡಿಯವರು ಕಳಿಸಿದ್ದು. ಮರದ ಪೆಟ್ಟಿಗೆ, ಒಳಗೆ ಹನ್ನೆರಡು ಗೂಡು, ಹನ್ನೊಂದರಲ್ಲಿ ಕಲ್ಲು, ಒಂದರಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸು. ಜೊತೆಗೆ 16 ಪುಟದ ಕೈಪಿಡಿ ಮತ್ತು ಬೆರಳುದ್ದದ ಅತಿನೇರಳೆ ಟಾರ್ಚು. ಕ್ಷಾರ ಶಿಲೆಗಳಲ್ಲಿ ಅದಿರು ಹೇಗೆ ಹುಟ್ಟುತ್ತದೆ ಅಂತ ಕೈಯಲ್ಲಿ ಹಿಡಿದು ನೋಡುವುದಕ್ಕೆ ಮಾಡಿದ ಪೆಟ್ಟಿಗೆ ಇದು. ಬೆಲೆ 13,800 ರೂಪಾಯಿ. ಅಂಚೆ, ಸುಂಕ ಎಲ್ಲ ಸೇರಿ ಇನ್ನೂ 3,100. ಬರಲು 26 ದಿನ ಹಿಡಿಯಿತು.

ನಾನು 27 ವರ್ಷ ಸಂಡೂರಿನ ಬೆಟ್ಟಗಳಲ್ಲಿ ಗಣಿ ಭೂವಿಜ್ಞಾನಿಯಾಗಿ ಕೆಲಸ ಮಾಡಿದವನು. ನಮಗೆ ಅದಿರು ಅಂದರೆ ಕಬ್ಬಿಣ. ಹಳೆಯ ಸಮುದ್ರದ ತಳದಲ್ಲಿ ಕಬ್ಬಿಣ, ಸಿಲಿಕಾ ಪದರ ಪದರವಾಗಿ ಕೂತವು. ಆಮೇಲೆ ನೀರು ಸಿಲಿಕಾವನ್ನು ತೊಳೆದುಕೊಂಡು ಹೋಯಿತು, ಕಬ್ಬಿಣ ಉಳಿಯಿತು. ಕಣ್ಣಿಗೆ ಕಾಣುವ ಕಥೆ ಅದು. ಆದರೆ ಕುದಿಯುವ ಶಿಲಾಪಾಕದಿಂದಲೇ, ಅಂದರೆ ನೆಲದಾಳದಲ್ಲಿ ಕರಗಿದ ಕಲ್ಲಿನಿಂದಲೇ, ನೇರವಾಗಿ ಹುಟ್ಟುವ ಅದಿರನ್ನು ನಾನು ಪುಸ್ತಕದಲ್ಲಿ ಓದಿದ್ದೆ ಅಷ್ಟೇ. ಅದರಲ್ಲೂ ಜಿರ್ಕೋನಿಯಂ, ನಿಯೋಬಿಯಂ, ಸೀರಿಯಂ ತರಹದ ವಿರಳ ಲೋಹಗಳು ಕ್ಷಾರ ಶಿಲೆಗಳಲ್ಲೇ ಯಾಕೆ ರಾಶಿ ಬೀಳುತ್ತವೆ ಅನ್ನೋದು ಪರೀಕ್ಷೆಗೆ ಬರೆದು ಮರೆತ ಉತ್ತರವಾಗಿತ್ತು. ನಿವೃತ್ತಿ ಆದ ಮೇಲೆ ಅದನ್ನು ಸರಿಯಾಗಿ ತಿಳಿಯಬೇಕು ಅನ್ನಿಸಿತು. ಅದಕ್ಕೇ ತರಿಸಿದೆ.

ಮೊದಲು ಕೈಪಿಡಿಯ ಬಗ್ಗೆ. ಮೊದಲ ಐದು ಪುಟ ನಿಜಕ್ಕೂ ಚೆನ್ನಾಗಿವೆ. ಕ್ಷಾರ ಶಿಲೆ ಅಂದರೆ ಏನು ಅನ್ನೋದನ್ನು ಸುತ್ತಿಬಳಸದೆ ಹೇಳಿದ್ದಾರೆ. ಸಿಲಿಕಾಕ್ಕೆ ಹೋಲಿಸಿದರೆ ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇರುವ ಅಗ್ನಿಶಿಲೆ. ಎಲ್ಲ ಸೋಡಿಯಮ್ಮಿಗೂ ಫೆಲ್ಡ್‌ಸ್ಪಾರ್, ಅಂದರೆ ಗ್ರಾನೈಟಿನಲ್ಲೂ ಕಾಣುವ ಆ ಸಾಮಾನ್ಯ ಖನಿಜ, ಕಟ್ಟುವಷ್ಟು ಸಿಲಿಕಾ ಸಾಲುವುದಿಲ್ಲ. ಆದ್ದರಿಂದ ನೆಫೆಲಿನ್, ಸೊಡಲೈಟ್ ತರಹದ, ಸಿಲಿಕಾ ಕಡಿಮೆ ಬೇಡುವ ಖನಿಜಗಳು ಬರುತ್ತವೆ. ಸ್ಫಟಿಕ ಶಿಲೆ, ಅಂದರೆ ಕ್ವಾರ್ಟ್ಜ್, ಇಂಥ ಕಲ್ಲಿನಲ್ಲಿ ಕಾಣುವುದಿಲ್ಲ.

ಮುಂದಿನದನ್ನು ನಾನು ನನ್ನ ಮೊಮ್ಮಗಳಿಗೆ ಮದುವೆ ಊಟದ ಪಂಕ್ತಿ ಇಟ್ಟುಕೊಂಡು ಹೇಳಿದೆ. ಅವಳು ಒಂಬತ್ತನೇ ಕ್ಲಾಸು. ಶಿಲಾಪಾಕ ತಣ್ಣಗಾಗುವಾಗ ಒಂದೊಂದು ಹರಳೂ ಒಂದೊಂದು ಪಂಕ್ತಿ ಇದ್ದ ಹಾಗೆ. ಫೆಲ್ಡ್‌ಸ್ಪಾರ್ ಪಂಕ್ತಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಅಲ್ಯುಮಿನಿಯಂ ಕೂರುತ್ತವೆ. ಪೈರಾಕ್ಸಿನ್ ಅನ್ನುವ ಕಡುಬಣ್ಣದ ಖನಿಜದ ಪಂಕ್ತಿಯಲ್ಲಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ. ಎಲೆ ಹಾಕಿದ ಜಾಗದ ಅಳತೆ ಮೊದಲೇ ಗೊತ್ತು. ಜಿರ್ಕೋನಿಯಂ, ನಿಯೋಬಿಯಂ, ಸೀರಿಯಂ, ಲ್ಯಾಂಥನಂ ಇವುಗಳ ಅಯಾನು, ಅಂದರೆ ಚಾರ್ಜು ಹೊತ್ತ ಪರಮಾಣು, ಒಂದೋ ತುಂಬಾ ದೊಡ್ಡದು, ಇಲ್ಲವೇ ಅದರ ಮೇಲಿನ ಚಾರ್ಜು ಜಾಸ್ತಿ. ಆ ಜಾಗದಲ್ಲಿ ಅವು ಹಿಡಿಯುವುದಿಲ್ಲ. ಹೊರಗೆ ನಿಲ್ಲುತ್ತವೆ. ಪಂಕ್ತಿ ಎದ್ದು ಪಂಕ್ತಿ ಕೂತರೂ ಇವು ಹೊರಗೇ. ಕೊನೆಗೆ ಚಪ್ಪರದಲ್ಲಿ ಉಳಿದವರೆಲ್ಲ ಇವರೇ.

ಈ ಕಾಯುವಿಕೆ ಶುರುವಾಗುವುದೇ ಆಳದಲ್ಲಿ. ಭೂಮಿಯ ತೊಗಟೆಯ ಕೆಳಗಿನ ದಪ್ಪ ಪದರ, ಅಂದರೆ ಮ್ಯಾಂಟಲಿನ ಕಲ್ಲು ಪೂರ್ತಿ ಕರಗುವುದಿಲ್ಲ. ಎಷ್ಟೋ ಕಡೆ ನೂರರಲ್ಲಿ ಒಂದೆರಡು ಪಾಲು ಮಾತ್ರ ಕರಗಿ ಬೆವರಿನ ಹಾಗೆ ಹೊರಬರುತ್ತದೆ. ಜಾಗ ಸಿಗದೆ ಒದ್ದಾಡುತ್ತಿದ್ದ ಈ ಧಾತುಗಳು ಆ ಮೊದಲ ಹನಿಗೇ ಓಡಿ ಸೇರುತ್ತವೆ. ಕರಗಿದ ಪಾಲು ಕಡಿಮೆ ಇದ್ದಷ್ಟೂ ಅದರಲ್ಲಿ ಇವುಗಳ ಪ್ರಮಾಣ ಜಾಸ್ತಿ. ಭೂಖಂಡ ಸೀಳುವ ಜಾಗಗಳಲ್ಲಿ ಇಂಥ ಪಾಕ ಮೇಲೇರಿ, ತೊಗಟೆಯಲ್ಲಿ ನಿಂತು, ನಿಧಾನವಾಗಿ ತಣ್ಣಗಾಗುತ್ತಾ ಮತ್ತೆ ಅದೇ ಪಂಕ್ತಿಗಳ ಆಟ ಆಡುತ್ತದೆ.

ಮೊದಲ ಗೂಡಿನ ಕಲ್ಲು ನಾರ್ವೆಯ ಲಾರ್ವಿಕೈಟ್. ಇದನ್ನು ನೀವೂ ನೋಡಿರುತ್ತೀರಿ. ಗ್ರಾನೈಟ್ ಅಂಗಡಿಗಳಲ್ಲಿ ಬ್ಲೂ ಪರ್ಲ್ ಅಂತ ಮಾರುವ, ಒಳಗಿಂದ ನೀಲಿ ಮಿಂಚುವ ಕಲ್ಲು ಇದೇ. ಗ್ರಾನೈಟ್ ಅಲ್ಲವೇ ಅಲ್ಲ. ಪೆಟ್ಟಿಗೆಯಲ್ಲಿ ಇದನ್ನು ಮೊದಲು ಇಟ್ಟದ್ದು ಸರಿ, ಯಾಕೆಂದರೆ ಅದೇ ಸೀಮೆಯ ಲಾಂಗೆಸುಂಡ್ ಫ್ಯೋರ್ಡ್‌ನ ದ್ವೀಪವೊಂದರಲ್ಲಿ ಸಿಕ್ಕ ಕಪ್ಪು ಖನಿಜದಿಂದಲೇ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಸೀಲಿಯಸ್ 1829ರಲ್ಲಿ ಥೋರಿಯಂ ಕಂಡುಹಿಡಿದರು. ಎರಡನೇ ಗೂಡಿನ ನೆಫೆಲಿನ್ ಸೈನೈಟ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಬೂದು ಕಲ್ಲು, ಲೆನ್ಸಿನಲ್ಲಿ ನೆಫೆಲಿನ್ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ.

ಐದು ಮತ್ತು ಆರನೇ ಗೂಡಿಗೆ ಬರೋಣ. ಈ ಪೆಟ್ಟಿಗೆಯ ಬೆಲೆ ಪೂರ್ತಿ ಆ ಎರಡು ಕಲ್ಲಿನಲ್ಲಿದೆ ಅನ್ನುತ್ತೇನೆ ನಾನು.

ಎರಡೂ ರಷ್ಯಾದ ಕೋಲಾ ಪರ್ಯಾಯ ದ್ವೀಪದ ಲೊವೊಜೆರೊದಿಂದ ಬಂದವು. ಎರಡರಲ್ಲೂ ಯೂಡಿಯಲೈಟ್ ಇದೆ. ದಾಳಿಂಬೆ ಕಾಳಿನ ಬಣ್ಣದ ಖನಿಜ. ಅದರ ತೂಕದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಜಿರ್ಕೋನಿಯಂ ಆಕ್ಸೈಡು, ಜೊತೆಗೆ ವಿರಳ ಲೋಹಗಳು. ಅಲ್ಲಿನ ಸಾಮಿ ಜನ ಈ ಕೆಂಪನ್ನು ತಮ್ಮ ಹಿರಿಯರ ನೆತ್ತರು ಅಂತ ಕಥೆ ಹೇಳುತ್ತಾರೆ. ಕಲ್ಲು ಕೈಯಲ್ಲಿ ಹಿಡಿದಾಗ ಆ ಕಥೆ ಯಾಕೆ ಹುಟ್ಟಿತು ಅಂತ ಅರ್ಥ ಆಗುತ್ತದೆ.

ಐದನೇ ಕಲ್ಲನ್ನು ಬೆಳಗ್ಗೆ ಕಿಟಕಿ ಹತ್ತಿರ ಹಿಡಿದು ಲೆನ್ಸಿನಲ್ಲಿ ನೋಡಿದೆ. ಫೆಲ್ಡ್‌ಸ್ಪಾರ್, ನೆಫೆಲಿನ್ ಹರಳುಗಳು ತಮ್ಮ ತಮ್ಮ ಆಕಾರದಲ್ಲಿ ನೆಟ್ಟಗೆ ನಿಂತಿವೆ. ಕೆಂಪು ಮಾತ್ರ ಆಕಾರವಿಲ್ಲದೆ ಅವುಗಳ ಸಂದಿಯಲ್ಲಿ ತುಂಬಿಕೊಂಡಿದೆ. ಗೋಡೆಯ ಕಲ್ಲುಗಳ ನಡುವೆ ಗಾರೆ ಇದ್ದ ಹಾಗೆ. ಆರನೇ ಕಲ್ಲಿನಲ್ಲಿ ತದ್ವಿರುದ್ಧ. ಕೆಂಪು ಕಾಳುಗಳೇ ಅಂಚು, ಮೂಲೆ ಎಲ್ಲ ತೀಡಿದ ಹಾಗೆ ಸ್ಪಷ್ಟವಾಗಿವೆ, ಒತ್ತೊತ್ತಾಗಿ ಕೂತಿವೆ. ಅವುಗಳ ಸುತ್ತ ಉಳಿದವು ತುಂಬಿಕೊಂಡಿವೆ.

ಒಂದೇ ಬೆಟ್ಟ, ಒಂದೇ ಖನಿಜ, ಎರಡು ಬಗೆ. ಯಾಕೆ? ಇದಕ್ಕೆ ಉತ್ತರ ಕೊಟ್ಟವರಲ್ಲಿ ಮುಖ್ಯರಾದವರು ಮಾಸ್ಕೋದ ಭೂರಸಾಯನ ವಿಜ್ಞಾನಿ ಲಿಯಾ ಕೊಗಾರ್ಕೊ. ಅವರ ವಾದ ಸರಳ. ಲೊವೊಜೆರೊದ ಕೆಳಗಿನ ಪದರಗಳು ಗಟ್ಟಿಯಾಗುವಾಗ ಪಾಕದಲ್ಲಿ ಜಿರ್ಕೋನಿಯಂ ಇನ್ನೂ ಸಾಕಷ್ಟು ಸೇರಿರಲಿಲ್ಲ. ಉಳಿದ ಹರಳುಗಳೆಲ್ಲ ಕೂತು, ನಡುವೆ ಸಿಕ್ಕಿಬಿದ್ದ ಕೊನೆಯ ಹನಿಗಳಲ್ಲಿ ಮಾತ್ರ ಯೂಡಿಯಲೈಟ್ ಹುಟ್ಟಿತು. ಅಷ್ಟು ಹೊತ್ತಿಗೆ ಅದಕ್ಕೆ ಓಡಾಡಲು ಜಾಗವಿಲ್ಲ. ಎಲ್ಲಿ ಹುಟ್ಟಿತೋ ಅಲ್ಲೇ ಸೆರೆ. ಹಾಗಾಗಿ ಅದು ಕಲ್ಲಿನ ತುಂಬ ಚದುರಿ ಹೋಯಿತು. ಮೇಲಿನ ಪದರಗಳ ಹೊತ್ತಿಗೆ ಪಾಕ ಜಿರ್ಕೋನಿಯಂನಿಂದ ತುಂಬಿ ಬಂದಿತ್ತು. ಈಗ ಯೂಡಿಯಲೈಟ್ ಮೊದಲ ಹರಳುಗಳ ಸಾಲಿನಲ್ಲೇ ಹುಟ್ಟಿತು. ಸುತ್ತ ಇನ್ನೂ ದ್ರವವಿದೆ. ಕಾಳುಗಳು ಇಳಿಯಬಹುದು, ಸೇರಬಹುದು, ರಾಶಿಯಾಗಬಹುದು. ರಾಶಿಯಾದರೇ ಅಲ್ವಾ ಅದಿರು ಅನ್ನುವುದು?

ನಾನು ಗಣಿಯಲ್ಲಿದ್ದವನು, ಇದು ನನ್ನ ಎದೆಗೆ ನೇರವಾಗಿ ನಾಟಿತು. ಒಂದು ಕಲ್ಲಿನಲ್ಲಿ ಲೋಹ ಎಷ್ಟಿದೆ ಅನ್ನೋದು ಒಂದು ಪ್ರಶ್ನೆ. ಅದು ಯಾವಾಗ ಹರಳಾಯಿತು ಅನ್ನೋದು ಇನ್ನೊಂದು. ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೊದಲನೆಯದು ಬರೀ ಲ್ಯಾಬಿನ ಅಂಕಿ. ಕೈಪಿಡಿಯಲ್ಲಿ ಈ ಎರಡು ಕಲ್ಲಿಗೆ ಕೊಟ್ಟಿರುವುದು ನಾಲ್ಕೇ ಸಾಲು. ಕೊಗಾರ್ಕೊ ಅವರ ಹೆಸರೂ ಇಲ್ಲ. ಇಂಥ ಜೋಡಿಯನ್ನು ಹುಡುಕಿ ಅಕ್ಕಪಕ್ಕ ಇಟ್ಟವರು ಅದನ್ನು ಹೇಗೆ ನೋಡಬೇಕು ಅಂತ ಹೇಳದೆ ಬಿಟ್ಟದ್ದು ನನಗೆ ಬೇಸರ ತಂದಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಹಂಪಿಯ ಬಂಡೆಗಳಲ್ಲೂ ಜಿರ್ಕೋನಿಯಂ ಇದೆ. ಆದರೆ ಅದು ಜಿರ್ಕಾನ್ ಅನ್ನುವ, ಸೂಕ್ಷ್ಮದರ್ಶಕವಿಲ್ಲದೆ ಕಾಣದ ಕಣಗಳಲ್ಲಿ ಹೋಗಿ ಕೂತಿದೆ. ಸಾಮಾನ್ಯ ಗ್ರಾನೈಟ್ ಪಾಕದಲ್ಲಿ ಜಿರ್ಕಾನ್ ಕರಗಿ ಉಳಿಯಲಾರದು. ಬೇಗ ಹರಳಾಗುತ್ತದೆ, ಇದ್ದಷ್ಟು ಜಿರ್ಕೋನಿಯಮ್ಮನ್ನು ಚಿಲ್ಲರೆ ಚಿಲ್ಲರೆಯಾಗಿ ಹಂಚಿಬಿಡುತ್ತದೆ. ಪಾಕದಲ್ಲಿ ಸೋಡಿಯಂ, ಪೊಟ್ಯಾಸಿಯಂ ಒಟ್ಟು ಅಲ್ಯುಮಿನಿಯಮ್ಮಿಗಿಂತ ಜಾಸ್ತಿ ಆದರೆ ಕಥೆ ಬದಲಾಗುತ್ತದೆ. ಆ ಹೆಚ್ಚುವರಿ ಕ್ಷಾರ ಜಿರ್ಕೋನಿಯಮ್ಮನ್ನು ಕರಗಿಸಿಯೇ ಇಟ್ಟುಕೊಳ್ಳುತ್ತದೆ. ಫ್ಲೋರಿನ್, ಕ್ಲೋರಿನ್, ನೀರು ಕೂಡ ಬೇಗ ಬಿಟ್ಟುಹೋಗದೆ ಪಾಕದಲ್ಲೇ ಉಳಿಯುತ್ತವೆ. ಪಾಕ ತೆಳ್ಳಗೇ ಇರುತ್ತದೆ, ಸುಮಾರು 500 ಡಿಗ್ರಿ ಸೆಲ್ಸಿಯಸ್ ಹತ್ತಿರದವರೆಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಕಾಯುವವರಿಗೆ ಕಾಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಇಂಥ ಶಿಲೆಗಳಿಗೆ ಅಗ್ಪೈಟಿಕ್ ಅಂತ ಹೆಸರು ಕೊಟ್ಟವರು ಡೆನ್ಮಾರ್ಕಿನ ಭೂವಿಜ್ಞಾನಿ ಉಸ್ಸಿಂಗ್. ದಕ್ಷಿಣ ಗ್ರೀನ್‌ಲ್ಯಾಂಡಿನ ಇಲಿಮೌಸ್ಸಾಕ್ ಅನ್ನುವ ಶಿಲಾರಾಶಿಯ ಬಗ್ಗೆ 1912ರಲ್ಲಿ ಅವರು ಬರೆದ ದೊಡ್ಡ ವರದಿಯಿಂದ ಆ ಪದ ಬಂತು. ಅಗ್ಪಾತ್ ಅನ್ನೋದು ಅಲ್ಲಿನ ಒಂದು ಜಾಗದ ಹೆಸರು.

ಮೂರು ಮತ್ತು ನಾಲ್ಕನೇ ಗೂಡಿನ ಕಲ್ಲು ಆ ಇಲಿಮೌಸ್ಸಾಕ್‌ನವೇ. ಸುಮಾರು 116 ಕೋಟಿ ವರ್ಷ ಹಳೆಯವು. ಆ ಇಡೀ ಶಿಲಾರಾಶಿಯ ಅಳತೆ ಸುಮಾರು 17 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ನಮ್ಮ ಕಡೆಯ ಕಲ್ಲುಗಳಿಗೆ ಹೋಲಿಸಿದರೆ ತೀರಾ ಚಿಕ್ಕದು. ಆದರೆ ಒಂದು ಮುಚ್ಚಿದ ಪಾತ್ರೆಯಲ್ಲಿ ಪಾಕ ಮೇಲಿಂದಲೂ ಕೆಳಗಿಂದಲೂ ಗಟ್ಟಿಯಾಗುತ್ತಾ ಬಂದದ್ದು ಅಲ್ಲಿ ಇನ್ನೂ ಓದಬಹುದಾದಷ್ಟು ಸ್ಪಷ್ಟವಾಗಿ ಉಳಿದಿದೆ.

ನಾಲ್ಕನೆಯದು ಕಾಕೊರ್ಟೊಕೈಟ್. ಅಂಗೈ ಅಗಲದ ಚಪ್ಪಟೆ ತುಂಡು. ಅರ್ಧ ಕಪ್ಪು, ಅರ್ಧ ಕೆಂಪು. ಗ್ರೀನ್‌ಲ್ಯಾಂಡಿನ ಆ ಬೆಟ್ಟದಲ್ಲಿ ಕಪ್ಪು, ಕೆಂಪು, ಬಿಳಿ, ಮತ್ತೆ ಕಪ್ಪು, ಕೆಂಪು, ಬಿಳಿ ಅಂತ 29 ಸಲ ಪದರಗಳು ಮರುಕಳಿಸುತ್ತವೆ. ಕಪ್ಪು ಅಂದರೆ ಆರ್ಫ್ವೆಡ್ಸೊನೈಟ್, ಕಬ್ಬಿಣ ತುಂಬಿದ ಸೋಡಿಯಂ ಖನಿಜ. ಕೆಂಪು ಯೂಡಿಯಲೈಟ್. ಬಿಳಿ ಫೆಲ್ಡ್‌ಸ್ಪಾರ್ ಮತ್ತು ನೆಫೆಲಿನ್. ನಿಜವಾದ ಪದರಗಳು ಮೀಟರುಗಟ್ಟಲೆ ದಪ್ಪ. ಆದ್ದರಿಂದ ಪೆಟ್ಟಿಗೆಗೆ ಮೂರೂ ಬಣ್ಣ ಹಿಡಿಸಲಾರದು, ಕಪ್ಪು ಕೆಂಪಿನ ಗಡಿಯನ್ನು ಕತ್ತರಿಸಿ ಕೊಟ್ಟಿದ್ದಾರೆ. ಒಂದು ಮುಖಕ್ಕೆ ಪಾಲಿಶ್ ಮಾಡಿದ್ದಾರೆ, ಇನ್ನೊಂದನ್ನು ಒರಟಾಗಿಯೇ ಬಿಟ್ಟಿದ್ದಾರೆ. ಇದು ಕಲ್ಲು ಗೊತ್ತಿದ್ದವರು ಮಾಡಿದ ಕೆಲಸ. ಪಾಲಿಶ್ ಮುಖದಲ್ಲಿ ಗಡಿ ಕಾಣುತ್ತದೆ, ಒರಟು ಮುಖದಲ್ಲಿ ಕಾಳಿನ ಆಕಾರ ಸಿಗುತ್ತದೆ.

ಮೂರನೆಯದು ನೌಯಾಯಿಟ್. ಇದು ಪಾತ್ರೆಯ ಮಾಳಿಗೆಯಲ್ಲಿ ಗಟ್ಟಿಯಾದ ಕಲ್ಲು. ಸಾಸಿವೆಯಿಂದ ಬಟಾಣಿ ಗಾತ್ರದ ಸೊಡಲೈಟ್ ಕಾಳುಗಳು ತುಂಬಿವೆ. ಅವನ್ನು ಒಂದು ದೊಡ್ಡ ಕಪ್ಪು ಆರ್ಫ್ವೆಡ್ಸೊನೈಟ್ ಹರಳು ಸುತ್ತುವರಿದು ಹಿಡಿದಿದೆ. ಸೊಡಲೈಟ್ ಪಾಕದ ಕ್ಲೋರಿನ್ ಹಿಡಿದುಕೊಂಡು ಹರಳಾಗುತ್ತದೆ. ಹಗುರ ಖನಿಜ. ಹುಟ್ಟಿದ ಹಾಗೇ ತೇಲಿ ಮೇಲೆ ಹೋಗಿ ಮಾಳಿಗೆಗೆ ಅಂಟಿಕೊಂಡಿತು.

ಇದನ್ನು ನಂಬಿ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಚೀಲದಲ್ಲಿ ಕಳಚಿ ಬಂದಿದ್ದ ಒಂದು ಸೊಡಲೈಟ್ ಚೂರನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. 18.4 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದರೆ 8 ಗ್ರಾಂ ಕಡಿಮೆ ಆಯಿತು. ಅಂದರೆ ಸಾಂದ್ರತೆ 2.3. ಎಂಟನೇ ಗೂಡಿನ ಆರ್ಫ್ವೆಡ್ಸೊನೈಟ್ ಹರಳಿಗೆ ಹೀಗೇ ಮಾಡಿದಾಗ 3.4 ಬಂತು. ಪುಸ್ತಕದಲ್ಲಿ ಯೂಡಿಯಲೈಟಿಗೆ ಸುಮಾರು 2.9, ಫೆಲ್ಡ್‌ಸ್ಪಾರಿಗೆ ಸುಮಾರು 2.6. ಈಗ ಆ ಪದರಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಕಪ್ಪು, ನಡುವೆ ಕೆಂಪು, ಮೇಲೆ ಬಿಳಿ, ಮಾಳಿಗೆಯಲ್ಲಿ ಸೊಡಲೈಟ್. ತೂಕದ ಕ್ರಮವೇ ಜಾಗದ ಕ್ರಮ! ಮೊಮ್ಮಗಳು ಆ ನಾಲ್ಕು ಅಂಕಿಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ.

29 ಸಲ ಯಾಕೆ ಮರುಕಳಿಸಿತು ಅನ್ನುವುದರಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೊಸ ಪಾಕ ಮತ್ತೆ ಮತ್ತೆ ಒಳನುಗ್ಗಿತು ಅನ್ನುವವರಿದ್ದಾರೆ, ಒಂದೇ ಪಾಕ ಪದರ ಪದರವಾಗಿ ನಿಂತು ಹೀಗಾಯಿತು ಅನ್ನುವವರೂ ಇದ್ದಾರೆ. ಕೈಪಿಡಿ ಇಲ್ಲಿ ತಪ್ಪು ಮಾಡಿದೆ. ಅದಿರು ಭಾರ, ಅದಕ್ಕೇ ತಳಕ್ಕೆ ಹೋಯಿತು ಅಂತ ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಭಾರ ಇದ್ದರೆ ಸಾಲದು. ಐದನೇ ಗೂಡಿನ ಯೂಡಿಯಲೈಟೂ ಅಷ್ಟೇ ಭಾರ, ಅದು ಎಲ್ಲಿಗೂ ಹೋಗಲಿಲ್ಲ. ಇಳಿಯಲು ದ್ರವ ಉಳಿದಿರಬೇಕು, ಅಂದರೆ ಹೊತ್ತಿಗೆ ಮುಂಚೆ ಹುಟ್ಟಬೇಕು. ತಮ್ಮದೇ ಪೆಟ್ಟಿಗೆಯಲ್ಲಿ ಸಾಕ್ಷಿ ಇಟ್ಟುಕೊಂಡು ಆ ವಾಕ್ಯ ಬರೆಯಬಾರದಿತ್ತು.

ಏಳನೇ ಗೂಡಿನಲ್ಲಿ ದೊಡ್ಡ ಎಡವಟ್ಟಾಯಿತು. ಚೀಟಿಯ ಮೇಲೆ ಲೊಪರೈಟ್ ಅಂತ ಇತ್ತು. ಲೊವೊಜೆರೊದ ಮುಖ್ಯ ಅದಿರು ಅದು. ನಿಯೋಬಿಯಂ, ಟ್ಯಾಂಟಲಂ, ಟೈಟೇನಿಯಂ, ವಿರಳ ಲೋಹಗಳು ಎಲ್ಲ ಒಂದೇ ಖನಿಜದಲ್ಲಿ. ತೆಳುವಾದ ಪದರಗಳಲ್ಲಿ ಸೇರಿಕೊಂಡು ಬೆಟ್ಟದ ಉದ್ದಕ್ಕೂ ಕಿಲೋಮೀಟರುಗಟ್ಟಲೆ ಸಾಗುತ್ತದೆ, ಕರ್ನಸುರ್ಟ್ ಗಣಿಯಲ್ಲಿ ಅದನ್ನು ಸುರಂಗ ಹೊಡೆದು ತೆಗೆಯುತ್ತಾರೆ. ನಾನು ಇದಕ್ಕಾಗಿಯೇ ಕಾದಿದ್ದೆ. ಟನ್ ಉಕ್ಕಿಗೆ ಕೆಲವು ನೂರು ಗ್ರಾಂ ನಿಯೋಬಿಯಂ ಸೇರಿಸಿದರೂ ಅದರ ಬಲ ಎಷ್ಟು ಏರುತ್ತದೆ ಅಂತ ಉಕ್ಕಿನ ಜೊತೆ ಬದುಕಿದ ನಮ್ಮ ಸೀಮೆಯವರಿಗೆ ಗೊತ್ತು. ಆದರೆ ಗೂಡಿನಲ್ಲಿ ಇದ್ದದ್ದು ಉದ್ದನೆಯ ಕಪ್ಪು ಹರಳು. ಎರಡು ದಿಕ್ಕಿನಲ್ಲಿ ಸೀಳು, ನಡುವಿನ ಕೋನ ಸುಮಾರು 56 ಡಿಗ್ರಿ. ಇದು ಆಂಫಿಬೋಲ್ ಅನ್ನುವ ಖನಿಜ ಗುಂಪಿನದು ಅಂತ ಯಾರು ಬೇಕಾದರೂ ಹೇಳುತ್ತಾರೆ. ಅದೂ ಆರ್ಫ್ವೆಡ್ಸೊನೈಟೇ, ಎಂಟನೇ ಗೂಡಿನ ಅಣ್ಣತಮ್ಮ. ಲೊಪರೈಟ್ ಉದ್ದ ಇರುವುದಿಲ್ಲ. ಪುಟ್ಟ ಘನಾಕಾರದ ಹರಳುಗಳು ಒಂದರೊಳಗೆ ಒಂದು ಹೊಕ್ಕ ಹಾಗೆ ಜೋಡಿಯಾಗಿ ಬೆಳೆಯುತ್ತವೆ.

ಫೋಟೋ ತೆಗೆದು ಅಂಗಡಿಗೆ ಬರೆದೆ. ಒಂಬತ್ತು ದಿನ ಉತ್ತರವಿಲ್ಲ. ಹತ್ತನೇ ದಿನ ತಪ್ಪಾಯಿತು ಅಂತ ಬರೆದರು. ಇನ್ನೂ ಮೂರು ವಾರಕ್ಕೆ ಸರಿಯಾದ ತುಂಡು ಬಂತು, ದುಡ್ಡು ಕೇಳಲಿಲ್ಲ. ಬಂದ ತುಂಡು ಒಳ್ಳೆಯದು. ಬಿಳಿ ನೆಫೆಲಿನ್ ನಡುವೆ ಕರಿ ಎಳ್ಳು ಚೆಲ್ಲಿದ ಹಾಗೆ ಲೊಪರೈಟ್. ಲೆನ್ಸಿನಲ್ಲಿ ಒಂದೊಂದೂ ಜೋಡಿ ಹರಳು ಮಿರಮಿರ ಅನ್ನುತ್ತದೆ. ಆದರೂ ನನ್ನ ಮಾತು ಇಷ್ಟೇ: ಕಲಿಯುವವರಿಗೆ ಮಾರುವ ಪೆಟ್ಟಿಗೆಯಲ್ಲಿ ಚೀಟಿ ತಪ್ಪಬಾರದು. ನನ್ನ ಕಣ್ಣಿಗೆ ಬಿತ್ತು. ಮೊದಲ ಸಲ ಕಲ್ಲು ಹಿಡಿದ ಹುಡುಗ ಆ ಉದ್ದ ಹರಳನ್ನೇ ಲೊಪರೈಟ್ ಅಂತ ಜೀವನವಿಡೀ ನೆನಪಿಟ್ಟುಕೊಳ್ಳುತ್ತಿದ್ದ.

ಇದಕ್ಕಿಂತ ದೊಡ್ಡ ದೂರು ಹನ್ನೊಂದನೇ ಗೂಡಿನ ಬಗ್ಗೆ. ಅಲ್ಲಿರುವುದು ವಿಲಿಯೋಮೈಟ್. ಕಡುಗೆಂಪು ಬಣ್ಣದ ಸೋಡಿಯಂ ಫ್ಲೋರೈಡ್. ನೀರಿನಲ್ಲಿ ಕರಗುತ್ತದೆ, ಹೊಟ್ಟೆಗೆ ಹೋದರೆ ವಿಷ. ಅದು ಬಂದದ್ದು ಬರೀ ಹತ್ತಿಯಲ್ಲಿ ಸುತ್ತಿ. ಮುಚ್ಚಿದ ಡಬ್ಬಿ ಇಲ್ಲ. ತೊಳೆಯಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ ಅನ್ನುವ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ. ಮಕ್ಕಳು ಕಲ್ಲು ಸಿಕ್ಕರೆ ಮೊದಲು ಮಾಡುವ ಕೆಲಸ ನಲ್ಲಿಯ ಕೆಳಗೆ ಹಿಡಿಯುವುದು. ಕೆಲವರು ನಾಲಿಗೆಗೂ ತಾಗಿಸುತ್ತಾರೆ. ಪೆಟ್ಟಿಗೆ ಬಂದ ದಿನ ಮೊಮ್ಮಗಳು ಅದನ್ನು ಹಿಡಿದು ಬಚ್ಚಲಿಗೆ ಹೊರಟಿದ್ದಳು. ನಾನು ಮನೆಯಲ್ಲಿಲ್ಲದೆ ಇದ್ದಿದ್ದರೆ? ಈ ವಿಷಯ ಬರೆದಾಗ ಅಂಗಡಿಯವರು ಮುಂದಿನ ಪೆಟ್ಟಿಗೆಗಳಲ್ಲಿ ಗಾಜಿನ ಸೀಸೆ ಕೊಡುತ್ತೇವೆ ಅಂದರು. ಕೊಟ್ಟರೆ ಒಳ್ಳೆಯದು. ನಾನೇ ಬಿಗಿ ಮುಚ್ಚಳದ ಒಂದು ಸಣ್ಣ ಸೀಸೆಯಲ್ಲಿ ಹಾಕಿ ಚೀಟಿ ಅಂಟಿಸಿದ್ದೇನೆ. ಈ ಪೆಟ್ಟಿಗೆ ತರಿಸುವವರು ಮೊದಲು ಈ ಕೆಲಸ ಮಾಡಿ.

ಇಷ್ಟು ಹೇಳಿದ ಮೇಲೆ, ವಿಲಿಯೋಮೈಟ್ ಇಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಫ್ಲೋರಿನ್ ಪಾಕದಲ್ಲಿ ಕೊನೆಯವರೆಗೂ ಉಳಿದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಸಾಮಾನ್ಯವಾಗಿ ಫ್ಲೋರಿನ್ ಕ್ಯಾಲ್ಸಿಯಂ ಜೊತೆ ಸೇರಿ ಫ್ಲೋರೈಟ್ ಆಗುತ್ತದೆ. ಗುಜರಾತಿನ ಅಂಬಾಡೋಂಗರ್‌ನಲ್ಲಿ ಆದದ್ದು ಅದೇ. ಅಲ್ಲಿನ ಕಾರ್ಬೊನಟೈಟ್‌ನಲ್ಲಿ, ಅಂದರೆ ಕಾರ್ಬೊನೇಟ್ ಖನಿಜಗಳೇ ತುಂಬಿದ ಅಗ್ನಿಶಿಲೆಯಲ್ಲಿ, ಕ್ಯಾಲ್ಸಿಯಂಗೆ ಬರವಿಲ್ಲ, ಆದ್ದರಿಂದ ಫ್ಲೋರೈಟ್ ಗಣಿಯೇ ಇದೆ. ಇಲಿಮೌಸ್ಸಾಕ್, ಲೊವೊಜೆರೊದಂಥ ಕಡೆ ಕೊನೆಯ ಪಾಕದಲ್ಲಿ ಕ್ಯಾಲ್ಸಿಯಂ ಇಲ್ಲವೆಂಬಷ್ಟು ಕಡಿಮೆ. ಫ್ಲೋರಿನ್ ಸೋಡಿಯಂ ಕೈಹಿಡಿಯಿತು. ನೀರಿಗೆ ಕರಗುವುದರಿಂದ ನೆಲದ ಮೇಲ್ಮೈಯಲ್ಲಿ ಇದು ಉಳಿಯುವುದಿಲ್ಲ. ಆಳದ ಗಣಿ, ಕೊರೆದ ಕಲ್ಲುಗಳಲ್ಲೇ ಸಿಗುವುದು.

ಒಂದು ಪ್ರಯೋಗ ಹೇಳುತ್ತೇನೆ, ಕೈಪಿಡಿಯಲ್ಲಿ ಇಲ್ಲದ್ದು. ಆರನೇ ಚೀಲದ ತಳದಲ್ಲಿ ಉದುರಿದ್ದ ಯೂಡಿಯಲೈಟ್ ಪುಡಿಯನ್ನು ಪರಿಚಯದ ಕಾಲೇಜು ಲ್ಯಾಬಿಗೆ ಒಯ್ದು, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ ಸ್ವಲ್ಪ ಬಿಸಿ ಮಾಡಿ ಇಟ್ಟೆವು. ಮರುದಿನ ನೋಡಿದರೆ ತಳದಲ್ಲಿ ಗಂಜಿಯಂಥ ಅಂಟು. ಯೂಡಿಯಲೈಟ್ ಅನ್ನುವ ಗ್ರೀಕ್ ಹೆಸರಿನ ಅರ್ಥವೇ ಸುಲಭವಾಗಿ ಕರಗುವಂಥದ್ದು ಅಂತ. 1819ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಸ್ಟ್ರೋಮಾಯರ್ ಆ ಹೆಸರು ಇಟ್ಟದ್ದು ಆಮ್ಲದಲ್ಲಿ ಹೀಗೆ ಕರಗುವುದನ್ನು ನೋಡಿಯೇ. ಕರಗುವುದು ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಕರಗಿದ ಸಿಲಿಕಾ ಹೀಗೆ ಅಂಟಾಗಿ ಹೆಪ್ಪುಗಟ್ಟಿ ಶೋಧಿಸುವ ಬಟ್ಟೆಯನ್ನೇ ಕಟ್ಟಿಹಾಕುತ್ತದೆ. ಬೆಟ್ಟದಷ್ಟು ಯೂಡಿಯಲೈಟ್ ಇದ್ದರೂ ಅದರಿಂದ ಲೋಹ ತೆಗೆಯುವುದು ಕಷ್ಟವಾಗಿರುವುದಕ್ಕೆ ಈ ಗಂಜಿ ಒಂದು ದೊಡ್ಡ ಕಾರಣ. ಪ್ರಕೃತಿ ರಾಶಿ ಹಾಕಿಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಇಲಿಮೌಸ್ಸಾಕ್‌ನ ಉತ್ತರಕ್ಕೆ ಕ್ವಾನೆಫ್ಯೆಲ್ಡ್ ಅಂತ ಒಂದು ಜಾಗವಿದೆ. ಅಲ್ಲಿನ ಲುಯಾವ್ರೈಟ್ ಕಲ್ಲು ಎಲ್ಲಕ್ಕಿಂತ ಕೊನೆಯಲ್ಲಿ ಗಟ್ಟಿಯಾದದ್ದು. ಅದರ ಸ್ಟೀನ್‌ಸ್ಟ್ರುಪೀನ್ ಖನಿಜದಲ್ಲಿ ವಿರಳ ಲೋಹಗಳ ಜೊತೆ ಯುರೇನಿಯಂ, ಥೋರಿಯಂ ಕೂಡ ಕೂತಿವೆ. ಕಾದು ಕಾದು ಕೊನೆಗೆ ಸೇರಿದವರಲ್ಲಿ ಅವರೂ ಇದ್ದರು, ಬೇರೆ ಮಾಡಲಾಗದು. ನಾರ್ಸಾಕ್ ಊರು ಹತ್ತಿರದಲ್ಲೇ ಇದೆ. 2021ರಲ್ಲಿ ಗ್ರೀನ್‌ಲ್ಯಾಂಡಿನ ಸಂಸತ್ತು ಹತ್ತು ಲಕ್ಷಕ್ಕೆ 100 ಪಾಲಿಗಿಂತ ಹೆಚ್ಚು ಯುರೇನಿಯಂ ಇರುವ ಅದಿರಿನ ಗಣಿಗಾರಿಕೆಗೆ ತಡೆ ಹಾಕಿತು. ಧೂಳಿನ ನಡುವೆ ಊರುಗಳು ಬದುಕುವುದನ್ನು 27 ವರ್ಷ ನೋಡಿದ ನನಗೆ ಆ ಊರಿನವರ ಹೆದರಿಕೆ ಅರ್ಥ ಆಗುತ್ತದೆ. ಅಂಗಡಿಯವರು ಆ ಖನಿಜವನ್ನು ಪೆಟ್ಟಿಗೆಯಲ್ಲಿ ಇಡದೆ ಹತ್ತನೇ ಗೂಡಿನಲ್ಲಿ ಬರೀ ಹಸಿರು ಸೂಜಿಗಳ ಲುಯಾವ್ರೈಟ್ ಇಟ್ಟಿದ್ದಾರೆ. ಸರಿಯಾದ ತೀರ್ಮಾನ.

ಒಂಬತ್ತನೆಯದು ಲೊವೊಜೆರೊ ಪಕ್ಕದ ಖಿಬಿನಿ ಬೆಟ್ಟಗಳ ಅಪಟೈಟ್ ಅದಿರು. ಬಿಳಿ ಹಸಿರು ಸಕ್ಕರೆಯಂಥ ಕಲ್ಲು, ನಡುವೆ ಬೂದು ನೆಫೆಲಿನ್. ರಂಜಕದ ಅದಿರು, ಗೊಬ್ಬರಕ್ಕೆ ಹೋಗುತ್ತದೆ. ರಷ್ಯಾದ ಭೂರಸಾಯನ ವಿಜ್ಞಾನಿ ಫರ್ಸ್ಮನ್ ಅವರ ತಂಡ 1920ರ ದಶಕದಲ್ಲಿ ಅಲೆದು ಹುಡುಕಿದ ಈ ಅದಿರಿನಿಂದಲೇ ಇವತ್ತಿನ ಕಿರೊವ್ಸ್ಕ್ ನಗರ ಎದ್ದಿತು. ತುಂಡು ಚಿಕ್ಕದು, ನೆಲ್ಲಿಕಾಯಿ ಗಾತ್ರ. ಇನ್ನೂ ಸ್ವಲ್ಪ ದೊಡ್ಡದು ಕೊಡಬಹುದಿತ್ತು.

ಭಾರತದ ಒಂದು ಕಲ್ಲೂ ಇಲ್ಲ, ಅದೊಂದು ಕೊರತೆ. ಲೆನ್ಸನ್ನು ಜೇಬಿಗೆ ಹಾಕಿಕೊಂಡು ಆ ಹನ್ನೆರಡನೇ ಗೂಡಿನಲ್ಲಿ ನಾನು ತಮಿಳುನಾಡಿನ ಕಾಂಗೇಯಂ ಹತ್ತಿರದ ಶಿವನ್‌ಮಲೈಯಿಂದ ಎಷ್ಟೋ ವರ್ಷದ ಹಿಂದೆ ತಂದ ನೆಫೆಲಿನ್ ಸೈನೈಟ್ ಇಟ್ಟೆ. ಹಾಲೆಂಡ್ ಅನ್ನುವ ಭೂವಿಜ್ಞಾನಿ 1901ರಲ್ಲೇ ಅದರ ಬಗ್ಗೆ ವಿವರವಾಗಿ ಬರೆದಿದ್ದರು. ಅದೂ ಕ್ಷಾರ ಶಿಲೆಯೇ. ಆದರೆ ಅಲ್ಲಿ ಅಲ್ಯುಮಿನಿಯಂ ಧಾರಾಳ, ಕುರಂದವೇ, ಅಂದರೆ ಅಲ್ಯುಮಿನಿಯಂ ಆಕ್ಸೈಡೇ, ಹರಳಾಗುವಷ್ಟು. ಹೆಚ್ಚುವರಿ ಕ್ಷಾರ ಇಲ್ಲದ್ದರಿಂದ ಜಿರ್ಕೋನಿಯಂ ಯೂಡಿಯಲೈಟಿಗಾಗಿ ಕಾಯಲಿಲ್ಲ, ಜಿರ್ಕಾನ್ ಆಗಿಬಿಟ್ಟಿತು. ಆರನೇ ಕಲ್ಲಿನ ಪಕ್ಕ ಇದನ್ನು ಇಟ್ಟು ನೋಡಿದರೆ ಕ್ಷಾರ ಶಿಲೆ ಅಂದಾಕ್ಷಣ ಅದಿರು ಅಂತಲ್ಲ ಅನ್ನೋದು ಮಾತಿಲ್ಲದೆ ತಿಳಿಯುತ್ತದೆ. ತಮಿಳುನಾಡಿನ ಸೇವತ್ತೂರಿನ ಪೈರೋಕ್ಲೋರ್ ಅನ್ನುವ ನಿಯೋಬಿಯಂ ಖನಿಜ, ನಮ್ಮ ಗಡಿಯ ಹೊಗೇನಕಲ್ಲಿನ ಕಾರ್ಬೊನಟೈಟ್ ಇವುಗಳನ್ನು ಸೇರಿಸಿ ನಮ್ಮವರೇ ಯಾರಾದರೂ ಇಂಥ ಪೆಟ್ಟಿಗೆ ಮಾಡಿದರೆ ನಾನು ಮೊದಲ ಗಿರಾಕಿ.

ಪೆಟ್ಟಿಗೆ ಗಟ್ಟಿಮುಟ್ಟು, ಕೀಲು ಹಿತ್ತಾಳೆಯದು. ಲೆನ್ಸು ಅಂಚಿನಲ್ಲಿ ಸ್ವಲ್ಪವೂ ಮಸುಕಿಲ್ಲ. ಟಾರ್ಚಿನ ಬ್ಯಾಟರಿ ಎರಡೇ ವಾರಕ್ಕೆ ಮುಗಿಯಿತು, ಬೇರೆ ಹಾಕಿದೆ. ಮನೆಯಲ್ಲಿ ತೀರಾ ಚಿಕ್ಕ ಮಕ್ಕಳಿದ್ದರೆ ಬೇಡ. ಬಿಎಸ್ಸಿ ಭೂವಿಜ್ಞಾನ ಓದುವ ಇಬ್ಬರು ಮೂವರು ಸೇರಿ ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಾಲೇಜಿಗಂತೂ ತರಿಸಲೇಬೇಕು, ಚೀಟಿಗಳನ್ನು ಮೊದಲು ಒಬ್ಬ ಮೇಷ್ಟ್ರು ಪರೀಕ್ಷಿಸಬೇಕು ಅಷ್ಟೇ.

ಮಳೆಗಾಲದಲ್ಲಿ ಎರಡು ವಾರ ಊರಿಗೆ ಹೋಗಿದ್ದೆವು. ಬಂದು ಪೆಟ್ಟಿಗೆ ತೆಗೆದಾಗ ಮೂರನೇ ಗೂಡಿನ ಕಲ್ಲು ನಸು ನೇರಳೆ ಬಣ್ಣಕ್ಕೆ ತಿರುಗಿತ್ತು. ಗ್ರೀನ್‌ಲ್ಯಾಂಡಿನ ಈ ಸೊಡಲೈಟ್ ಕತ್ತಲಲ್ಲಿ ಇದ್ದರೆ ಬಣ್ಣ ತುಂಬಿಕೊಳ್ಳುತ್ತದೆ, ಬಿಸಿಲಿಗೆ ಬಂದರೆ ಕಳೆದುಕೊಳ್ಳುತ್ತದೆ. ಕೈಪಿಡಿಯಲ್ಲಿ ಅದರ ಸುದ್ದಿ ಇರಲಿಲ್ಲ. ಮೊಮ್ಮಗಳು ಅದನ್ನು ಅಂಗೈಯಲ್ಲಿ ಹಿಡಿದು ಅಂಗಳಕ್ಕೆ ಓಡಿದಳು. ನಾವಿಬ್ಬರೂ ತುಳಸಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹಾಗೇ ನೇರಳೆ ಮಾಸುತ್ತಾ ಮಾಸುತ್ತಾ ಬೂದು ಬಿಳಿಯಾಯಿತು. ಈಗ ಅವಳು ಅದನ್ನು ಮತ್ತೆ ಕಪ್ಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾಳೆ, ಎಷ್ಟು ದಿನಕ್ಕೆ ಬಣ್ಣ ವಾಪಸ್ ಬರುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾಳೆ.